ಫಾರ್ಮ್ಯಾಟ್ ಹೊಡೆಸುವ ಮುಂಚೆ: ಮನೆ ಕಂಪ್ಯೂಟರನ್ನು ಉಚಿತ ಸಾಧನಗಳಿಂದ ಸರಿಪಡಿಸಿ ಭದ್ರ ಮಾಡುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಕಂಪ್ಯೂಟರ್ ಹಿಡಿದು ಬರುವವರ ಮಾತು ಹೆಚ್ಚುಕಡಿಮೆ ಒಂದೇ. "ಸಿಸ್ಟಮ್ ತುಂಬಾ ಸ್ಲೋ ಆಗಿದೆ, ವೈರಸ್ ಬಂದಿರಬೇಕು, ಒಂದ್ಸಲ ಫಾರ್ಮ್ಯಾಟ್ ಹೊಡೆದು ಕೊಡಿ." ಕ್ಯಾತ್ಸಂದ್ರದಿಂದ ಬಂದವರೂ ಇದನ್ನೇ ಹೇಳುತ್ತಾರೆ, ಗುಬ್ಬಿಯಿಂದ ಬಂದವರೂ ಇದನ್ನೇ. ಫಾರ್ಮ್ಯಾಟ್ ಆಗುತ್ತದೆ. ತಿಂಗಳೊಳಗೆ ಅದೇ ಕಂಪ್ಯೂಟರ್ ಅದೇ ಕಾಯಿಲೆ ಹೊತ್ತು ವಾಪಸ್ ಬರುತ್ತದೆ. ಕೆಲವರ ಕಷ್ಟ ಇನ್ನೂ ದೊಡ್ಡದು. ಎಲ್ಲ ಮುಗಿದ ಮೇಲೆ ಮಗಳ ಮದುವೆ ಫೋಟೋ ಎಲ್ಲಿ ಹೋಯಿತು ಅಂತ ಕೇಳುತ್ತಾರೆ.

ಎಂಟು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದು ಆಗಿದೆ. ರಿಪೇರಿಗೆ ಕೊಟ್ಟಿದ್ದ ಅಂಗಡಿಯವರು ಡಿ ಡ್ರೈವ್ ಮುಟ್ಟಲಿಲ್ಲ, ಸಿ ಮಾತ್ರ ಅಳಿಸಿದರು. ಅಪ್ಪ ಹತ್ತು ವರ್ಷದ ಅಡಿಕೆ ಲೆಕ್ಕವನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದರು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್ ಒಳಗೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಹಳೇ ಕೈಬರಹದ ಲೆಕ್ಕದ ಪುಸ್ತಕ ಹುಡುಕಲು ಅಟ್ಟ ಹತ್ತಿದರು.

ಅವತ್ತಿನಿಂದ ನಾನು ಒಂದೇ ಕ್ರಮ ಹಿಡಿದಿದ್ದೇನೆ. ಮೊದಲು ನಕಲು, ಆಮೇಲೆ ತಪಾಸಣೆ, ಆಮೇಲೆ ತೀರ್ಮಾನ, ಆಮೇಲೆ ಇನ್‌ಸ್ಟಾಲ್, ಕೊನೆಗೆ ಬೀಗ. ಕೆಳಗೆ ಹೇಳುವ ಸಾಧನಗಳೆಲ್ಲ ಉಚಿತ. ಆದರೆ ಸಾಧನಕ್ಕಿಂತ ಈ ಕ್ರಮ ಮುಖ್ಯ. ಒಂದು ಹಂತ ಹಾರಿಸಿದರೆ ಮುಂದಿನದು ನಿಲ್ಲುವುದಿಲ್ಲ.

ಮೊದಲು ಸಾಮಾನು ಜೋಡಿಸಿಕೊಳ್ಳಿ

8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್ ಡ್ರೈವ್ ಒಂದು ಬೇಕು. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿಯದ್ದೇ ಇರಲಿ. ನಿಮ್ಮ ಫೈಲ್‌ಗಳೆಲ್ಲ ಹಿಡಿಸುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದು. ನಂಬಬಹುದಾದ ಇನ್ನೊಂದು ಕಂಪ್ಯೂಟರ್, ಅರ್ಧ ದಿನಕ್ಕೆ ಸಾಲ ಪಡೆದರೂ ಸಾಕು. ಒಂದು ನೋಟ್‌ಬುಕ್, ಒಂದು ಪೆನ್ನು.

ಕರೆಂಟ್ ವಿಷಯ ಮರೆಯಬೇಡಿ. ಬೇಸಿಗೆಯಲ್ಲಿ ನಿಮ್ಮ ಬೀದಿಯಲ್ಲಿ ಯಾವಾಗ ಹೋಗುತ್ತದೆ ಅಂತ ನಿಮಗೇ ಗೊತ್ತಿರುತ್ತದೆ, ಆ ಹೊತ್ತು ಬಿಟ್ಟು ಕೂತುಕೊಳ್ಳಿ. ಡೆಸ್ಕ್‌ಟಾಪ್ ಕಂಪ್ಯೂಟರ್ ಆದರೆ ಯುಪಿಎಸ್ ಇರಲೇಬೇಕು. ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಅನ್ನುವ ಸ್ಥಿತಿ ಬರುತ್ತದೆ.

ಹಂತ 1: ಏನೇನಿದೆ ಅಂತ ಬರೆದುಕೊಳ್ಳಿ

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ಮೊದಲು ಪಟ್ಟಿ ಮಾಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ನಮ್ಮ ಕಡೆ ಒಂದು ಗಟ್ಟಿ ನಂಬಿಕೆ ಇದೆ, ಡಿ ಡ್ರೈವ್‌ನಲ್ಲಿಟ್ಟದ್ದು ಕ್ಷೇಮ ಅಂತ. ಬಹಳಷ್ಟು ಮನೆ ಕಂಪ್ಯೂಟರ್‌ಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗ. ನಡುಮನೆಗೂ ಅಡುಗೆಮನೆಗೂ ಮೇಲಿನ ಸೂರು ಒಂದೇ ಅಲ್ವಾ, ಹಾಗೆ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ.

ಟ್ಯಾಲಿ ಲೆಕ್ಕ ಇದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಅಂತ ಬರೆಯಿರಿ. ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೇ ಕಡತಗಳಿದ್ದರೆ ಅದನ್ನೂ ಬರೆಯಿರಿ, ಅದಕ್ಕೆ ಕಾರಣ ಹಂತ 6ರಲ್ಲಿ ಸಿಗುತ್ತದೆ. ಪ್ರಿಂಟರ್ ಮಾಡೆಲ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಯಾವ ಖಾತೆಯವು ಅನ್ನುವುದೂ ಪಟ್ಟಿಗೆ ಬರಲಿ.

ಲ್ಯಾಪ್‌ಟಾಪ್ ಇದ್ದವರು ಇನ್ನೊಂದು ನೋಡಬೇಕು. ಬೆಂಗಳೂರಲ್ಲಿ ಕೆಲಸ ಮಾಡುವ ಮಗ ಮನೆಗೆ ಕೊಟ್ಟ ಲ್ಯಾಪ್‌ಟಾಪ್, ಇಲ್ಲವೇ ಎಸ್.ಪಿ. ರಸ್ತೆಯಿಂದ ತಂದ ಹಳೇ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನ ಬೀಗ ಹಾಕಿರುವುದು ಉಂಟು. ಸೆಟಿಂಗ್ಸ್‌ನಲ್ಲಿ "ಡಿವೈಸ್ ಎನ್‌ಕ್ರಿಪ್ಷನ್" ಅಥವಾ "ಬಿಟ್‌ಲಾಕರ್" ಅಂತ ಹುಡುಕಿ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರಿಗೆ ಅದು ಆ ಖಾತೆಯಲ್ಲೇ ಸಿಗುತ್ತದೆ. ಈ ಕೀ ಇಲ್ಲದೆ ಬೂಟ್ ಸೆಟಿಂಗ್ (ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕು ಅನ್ನುವ ಸೆಟಿಂಗ್) ಮುಟ್ಟಬೇಡಿ.

ಹಂತ 2: ಲೈವ್ ಪೆನ್ ಡ್ರೈವ್ ತಯಾರಿಸಿ

ನೀವು ವಿಂಡೋಸ್‌ನಲ್ಲೇ ಉಳಿಯುವವರಾದರೂ ಈ ಹಂತ ಬೇಕು. ಲೈವ್ ಪೆನ್ ಡ್ರೈವ್ ಅಂದರೆ ಡಿಸ್ಕ್ ಮುಟ್ಟದೆ, ಪೆನ್ ಡ್ರೈವ್‌ನಿಂದಲೇ ಪೂರ್ತಿ ಓಡುವ ಲಿನಕ್ಸ್. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ವೈರಸ್ ಇರುವ ವಿಂಡೋಸನ್ನು ಎಬ್ಬಿಸದೆಯೇ ಒಳಗಿನ ಫೈಲ್‌ಗಳನ್ನು ಹೊರಗೆ ತರಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಮನೆ ಬಳಕೆಗೆ ನಾನು ಹೇಳುವುದು ಲಿನಕ್ಸ್ ಮಿಂಟ್, ಅದರಲ್ಲೂ ಹಳೇ ಕಂಪ್ಯೂಟರ್‌ಗೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ.

ಡೌನ್‌ಲೋಡನ್ನು ನಂಬಿಕೆಯ ಆ ಇನ್ನೊಂದು ಕಂಪ್ಯೂಟರ್‌ನಲ್ಲಿ ಮಾಡಿ. ಮಿಂಟ್ ಫೈಲ್ 3 ಜಿಬಿ ಆಸುಪಾಸು ಇರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಎರಡು ಜಿಬಿ ಪ್ಯಾಕ್ ಇರುವವರು ಅರ್ಧದಲ್ಲೇ ನಿಲ್ಲುತ್ತಾರೆ, ಮರುದಿನ ಮುಂದುವರಿಸುತ್ತಾರೆ, ಫೈಲ್ ಎಲ್ಲೋ ಒಂದು ಕಡೆ ಮುರಿದಿರುತ್ತದೆ. ಆಮೇಲೆ "ಮಿಂಟ್ ಇನ್‌ಸ್ಟಾಲ್ ಆಗ್ತಿಲ್ಲ" ಅನ್ನುವ ದೂರು. ಮಿಂಟ್‌ನವರೇ ಕೊಡುವ ಟೊರೆಂಟ್ ಕೊಂಡಿ (ಫೈಲನ್ನು ತುಂಡು ತುಂಡಾಗಿ ಇಳಿಸುವ ವಿಧಾನ) ಬಳಸಿದರೆ ನಿಂತಲ್ಲಿಂದ ಸರಿಯಾಗಿ ಮುಂದುವರಿಯುತ್ತದೆ.

ಫೈಲ್ ಇಳಿದ ಮೇಲೆ ಅದರ ಎಸ್‌ಎಚ್‌ಎ-256 ಸಂಖ್ಯೆ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ಸರಿಯಿದೆಯೇ ನೋಡಿ. ಇದನ್ನು ನೂರಕ್ಕೆ ತೊಂಬತ್ತು ಜನ ಬಿಟ್ಟುಬಿಡುತ್ತಾರೆ ಅಂತ ನನಗನಿಸುತ್ತದೆ. ಮಾಡುವುದು ಸುಲಭ. 7-ಜಿಪ್ ಅನ್ನುವ ಉಚಿತ ಸಾಧನ ಹಾಕಿದ್ದರೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ. ಮೆನುವಿನಲ್ಲಿ ಸಿಆರ್‌ಸಿ ಎಸ್‌ಎಚ್‌ಎ ಅನ್ನುವ ಸಾಲು ಬರುತ್ತದೆ, ಅದರೊಳಗೆ ಎಸ್‌ಎಚ್‌ಎ-256 ಒತ್ತಿ. ಬಂದ ಸಂಖ್ಯೆಯನ್ನು ಮಿಂಟ್ ತಾಣದಲ್ಲಿ ಕೊಟ್ಟಿರುವ ಸಂಖ್ಯೆ ಜೊತೆ ಮೊದಲಿಂದ ಕೊನೆಯವರೆಗೆ ಹೋಲಿಸಿ. ಒಂದು ಅಕ್ಷರ ಬೇರೆ ಇದ್ದರೂ ಆ ಫೈಲ್ ಬೇಡ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೇ ಕಳ್ಳರು ನುಗ್ಗಿ, ಹಿಂಬಾಗಿಲು ಇಟ್ಟ ನಕಲಿ ಫೈಲ್‌ಗೆ ಕೊಂಡಿ ಕೊಟ್ಟಿದ್ದರು. ಹಾಗಾಗಿ ಮಿಂಟ್‌ನ ಫೈಲ್ ಹಂಚುವ ಮಿರರ್ ತಾಣಗಳಲ್ಲಿ ಒಂದೆರಡನ್ನು ತೆರೆದು, ಅಲ್ಲೂ ಅದೇ ಸಂಖ್ಯೆ ಇದೆಯೇ ಅಂತ ನೋಡುವುದು ಒಳ್ಳೆಯದು.

ಈಗ ಮಿಂಟ್ ಫೈಲನ್ನು ಪೆನ್ ಡ್ರೈವ್‌ಗೆ ಬರೆಯುವ ರೂಫಸ್ ಅನ್ನುವ ಚಿಕ್ಕ ಸಾಧನ ತೆರೆಯಿರಿ. ಪೆನ್ ಡ್ರೈವ್ ಆರಿಸಿ, ಮಿಂಟ್ ಫೈಲ್ ಆರಿಸಿ, ಸ್ಟಾರ್ಟ್ ಒತ್ತಿ. ಇಲ್ಲಿ ಆಗುವ ತಪ್ಪು ಒಂದೇ, ಆದರೆ ಭಾರಿ ತಪ್ಪು. ಪೆನ್ ಡ್ರೈವ್ ಜೊತೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೂ ಚುಚ್ಚಿರುತ್ತದೆ, ಅವಸರದಲ್ಲಿ ಅದನ್ನೇ ಆರಿಸಿಬಿಡುತ್ತಾರೆ. ಪೆನ್ ಡ್ರೈವ್ ಒಂದನ್ನು ಬಿಟ್ಟು ಬೇರೆಲ್ಲ ಕಿತ್ತಿಟ್ಟು ಕೂತುಕೊಳ್ಳಿ.

ಹಂತ 3: ಲೈವ್‌ನಿಂದ ಬೂಟ್ ಮಾಡಿ, ಫೈಲ್‌ಗಳನ್ನು ಹೊರಗೆ ತನ್ನಿ

ಹಳೇ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ. ವಿಂಡೋಸ್ 10 ಮತ್ತು 11ರಲ್ಲಿ ಸುಮ್ನೆ ಶಟ್ ಡೌನ್ ಒತ್ತಿದರೆ ಅದು ಅರ್ಧ ನಿದ್ದೆಯಲ್ಲಿರುತ್ತದೆ. ಶಿಫ್ಟ್ ಕೀ ಹಿಡಿದುಕೊಂಡು ಶಟ್ ಡೌನ್ ಒತ್ತಿ. ಪೆನ್ ಡ್ರೈವ್ ಚುಚ್ಚಿ, ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಡೆಲ್ ಮತ್ತು ಲೆನೊವೊದಲ್ಲಿ ಹೆಚ್ಚಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಏಸಸ್‌ನಲ್ಲಿ ಎಸ್ಕೇಪ್ ಅಥವಾ ಎಫ್8.

ಮಿಂಟ್ ತೆರೆದುಕೊಂಡ ಮೇಲೆ ಡೆಸ್ಕ್‌ಟಾಪ್ ಮೇಲೆ "ಇನ್‌ಸ್ಟಾಲ್" ಐಕಾನ್ ಕಾಣುತ್ತದೆ. ಅದನ್ನು ಈಗ ಮುಟ್ಟಬೇಡಿ. ಮೊದಲು ಮೆನುವಿನಲ್ಲಿ "ಡಿಸ್ಕ್ಸ್" ತೆರೆದು, ಒಳಗಿನ ಡಿಸ್ಕ್ ಆರಿಸಿ, ಸ್ಮಾರ್ಟ್ ಡೇಟಾ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ನೋಡಿ. ಡಿಸ್ಕ್ ಸಾಯುವ ಹಂತದಲ್ಲಿದೆಯೇ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನನ್ನ ಬಳಿ "ವೈರಸ್" ಅಂತ ಬಂದ ಎಷ್ಟೋ ಸ್ಲೋ ಕಂಪ್ಯೂಟರ್‌ಗಳಲ್ಲಿ ನಿಜವಾದ ಕಾಯಿಲೆ ಸಾಯುತ್ತಿರುವ ಹಾರ್ಡ್ ಡಿಸ್ಕ್. ಇಂಥದ್ದಕ್ಕೆ ಫಾರ್ಮ್ಯಾಟ್ ಹೊಡೆದರೆ ಇದ್ದ ಜೀವವೂ ಹೋಗುತ್ತದೆ. ಟಕ್ ಟಕ್ ಅನ್ನುವ ಸದ್ದು, ಒಂದೊಂದು ಫೋಟೋ ತೆರೆಯಲು ಅರ್ಧ ನಿಮಿಷ, ಸ್ಮಾರ್ಟ್ ಡೇಟಾದಲ್ಲಿ ಪೆಂಡಿಂಗ್ ಸೆಕ್ಟರ್ ಅಥವಾ ರೀಅಲೊಕೇಟೆಡ್ ಸೆಕ್ಟರ್ (ಡಿಸ್ಕಿನಲ್ಲಿ ಕೆಡುತ್ತಿರುವ, ಕೆಟ್ಟ ಜಾಗಗಳು) ಎಣಿಕೆ ದಿನದಿಂದ ದಿನಕ್ಕೆ ಏರುವುದು, ಇವು ಲಕ್ಷಣ. ಕಂಡರೆ ಸ್ಕ್ಯಾನ್ ಗೀನ್ ಏನೂ ಬೇಡ. ಬೆಲೆಬಾಳುವ ಫೈಲ್ ಮೊದಲು, ಉಳಿದದ್ದು ಆಮೇಲೆ ಅಂತ ನಕಲು ಶುರು ಮಾಡಿ.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿ ಅದಕ್ಕೆ ನಕಲು ಮಾಡಿ. ಕಾಪಿ ಮಾಡಿ, ಕಟ್ ಮಾಡಬೇಡಿ. ಫೋಟೋ, ವಿಡಿಯೋ, ಪಿಡಿಎಫ್, ವರ್ಡ್, ಎಕ್ಸೆಲ್, ಟ್ಯಾಲಿ ಡೇಟಾ, ಇಷ್ಟೇ ತನ್ನಿ. ಡಿ ಡ್ರೈವ್‌ನಲ್ಲಿ "ಸಾಫ್ಟ್‌ವೇರ್" ಅಂತ ಒಂದು ಫೋಲ್ಡರ್ ಎಲ್ಲರ ಮನೆಯಲ್ಲೂ ಇರುತ್ತದೆ. ಹಳೇ ಸೆಟಪ್‌ಗಳು, ಕ್ರ್ಯಾಕ್‌ಗಳು, ಆಕ್ಟಿವೇಟರ್‌ಗಳು ಅದರೊಳಗೆ. ಫಾರ್ಮ್ಯಾಟ್ ಆದ ತಿಂಗಳೊಳಗೆ ಕಾಯಿಲೆ ಮರಳುವುದು ಬಹಳ ಸಲ ಈ ಫೋಲ್ಡರ್‌ನಿಂದಲೇ. ಅದನ್ನು ತರಬೇಡಿ. ಇಎಕ್ಸ್‌ಇ ಅಂತ ಮುಗಿಯುವ ಯಾವ ಫೈಲೂ ಬೇಡ, ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳಬಹುದು.

ನಕಲು ಮುಗಿದಂತೆ ಕಂಡರೂ ಲಿನಕ್ಸ್ ಹಿಂದೆ ಇನ್ನೂ ಬರೆಯುತ್ತಿರಬಹುದು. ಇಜೆಕ್ಟ್ ಒತ್ತಿ, ತೆಗೆಯಬಹುದು ಅಂತ ಹೇಳುವವರೆಗೆ ಕಾಯಿರಿ. ಆಮೇಲೆ ಡಿಸ್ಕನ್ನು ಮತ್ತೆ ಚುಚ್ಚಿ ಎರಡು ಕಡೆಯೂ ಫೋಲ್ಡರ್‌ನ ಪ್ರಾಪರ್ಟೀಸ್ ನೋಡಿ. ಫೈಲ್ ಎಣಿಕೆ ಒಂದೇ ಇರಬೇಕು. ಹತ್ತು ಫೋಟೋ, ಒಂದೆರಡು ಪಿಡಿಎಫ್ ತೆರೆದು ನೋಡಿ. ತೆರೆದರೆ ಹಂತ ಮುಗಿಯಿತು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಿತ್ತು ಬೀರುವಿನಲ್ಲಿಡಿ.

ಹಂತ 4: ತಪಾಸಣೆ, ಮತ್ತು ಶಾರ್ಟ್‌ಕಟ್ ಪೆನ್ ಡ್ರೈವ್

ವಿಂಡೋಸ್‌ನಲ್ಲಿ ಉಳಿಯುವವರಿಗೆ ಬೇರೆ ಆಂಟಿವೈರಸ್ ಕೊಳ್ಳುವ ಅಗತ್ಯ ಇಲ್ಲ. ಒಳಗೇ ಇರುವ ಮೈಕ್ರೋಸಾಫ್ಟ್ ಡಿಫೆಂಡರ್ ಮನೆಗೆ ಸಾಕು. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ. ಹದಿನೈದು ನಿಮಿಷದ ಕೆಲಸ. ಇದಾದ ಮೇಲೆ ಒಂದು ಫುಲ್ ಸ್ಕ್ಯಾನ್ ಬಿಟ್ಟು ಊಟಕ್ಕೆ ಹೋಗಿ.

ಅದೇ ಜಾಗದ ಸೆಟಿಂಗ್ಸ್‌ನಲ್ಲಿ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆರೆಯಿರಿ. ಅಲ್ಲಿ ನೀವು ಸೇರಿಸದ ಫೋಲ್ಡರ್, ಇಲ್ಲವೇ ಇಡೀ ಸಿ ಡ್ರೈವ್ ಇದ್ದರೆ, ಯಾವುದೋ ಆಕ್ಟಿವೇಟರ್ ಡಿಫೆಂಡರ್‌ನ ಕಣ್ಣು ಕಟ್ಟಿದೆ ಅಂತ ಅರ್ಥ. ಇಂಥ ಕಂಪ್ಯೂಟರನ್ನು ಸ್ವಚ್ಛ ಮಾಡುತ್ತಾ ಕೂರುವುದಕ್ಕಿಂತ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಮೇಲು. "ಆಂಟಿವೈರಸ್ ಆಫ್ ಮಾಡಿ ಆಮೇಲೆ ಇನ್‌ಸ್ಟಾಲ್ ಮಾಡಿ" ಅಂತ ಹೇಳುವ ಯಾವ ಸಾಫ್ಟ್‌ವೇರೂ ನಿಮ್ಮ ಮನೆಗೆ ಬೇಡ.

ಇನ್ನು ಪೆನ್ ಡ್ರೈವ್ ವಿಷಯ. ಪಕ್ಕದ ಮನೆಯವರು ಪಹಣಿ ಮತ್ತು ಮಗನ ಅಂಕಪಟ್ಟಿ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಪೆನ್ ಡ್ರೈವ್ ಕೊಟ್ಟಿದ್ದರು. ಮನೆಗೆ ಬಂದು ಚುಚ್ಚಿದರೆ ಒಳಗಿದ್ದ ಫೋಲ್ಡರ್‌ಗಳೆಲ್ಲ ಮಾಯ. ಬದಲಿಗೆ ಅದೇ ಹೆಸರಿನ ಐಕಾನ್‌ಗಳು, ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ಬಾಣ. ಟೈಪ್ ಅನ್ನುವ ಕಡೆ "ಶಾರ್ಟ್‌ಕಟ್" ಅಂತ ಇತ್ತು, ಸೈಜ್ ಒಂದೆರಡು ಕೆಬಿ. ಅವರು ಎರಡು ಸಲ ಕ್ಲಿಕ್ ಮಾಡಿದರು. ಫೋಲ್ಡರ್ ತೆರೆಯಿತು, ಜೊತೆಗೆ ವೈರಸ್ಸೂ ಮನೆಯ ಕಂಪ್ಯೂಟರ್ ಒಳಗೆ ಬಂತು.

ಈ ವೈರಸ್ ಫೈಲ್ ಅಳಿಸಿರುವುದಿಲ್ಲ, ಬಚ್ಚಿಟ್ಟಿರುತ್ತದೆ. ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಬೇಡಿ. ಮಿಂಟ್ ಲೈವ್‌ನಲ್ಲಿ ಚುಚ್ಚಿ ನೋಡಿ. ವಿಂಡೋಸ್ ಬಚ್ಚಿಟ್ಟದ್ದನ್ನು ಲಿನಕ್ಸ್ ಸಾಮಾನ್ಯವಾಗಿ ಹಾಗೇ ತೋರಿಸುತ್ತದೆ. ವಿಂಡೋಸ್‌ಗಾಗಿ ಬರೆದ ಆ ಶಾರ್ಟ್‌ಕಟ್ ಅಲ್ಲಿ ಓಡುವುದಿಲ್ಲ. ನಿಮ್ಮ ದಾಖಲೆ ಮಾತ್ರ ಎತ್ತಿಕೊಂಡು ಆಮೇಲೆ ಫಾರ್ಮ್ಯಾಟ್ ಮಾಡಿ. ಮುಂದಕ್ಕೆ, ಪ್ರಿಂಟ್ ತೆಗೆಸಲಿಕ್ಕೇ ಅಂತ ಒಂದು ಚಿಕ್ಕ ಪೆನ್ ಡ್ರೈವ್ ಬೇರೆ ಇಡಿ. ಬೇಕಾದ ಪಿಡಿಎಫ್ ಮಾತ್ರ ಹಾಕಿಕೊಂಡು ಹೋಗಿ, ಬಂದ ಮೇಲೆ ಫಾರ್ಮ್ಯಾಟ್ ಮಾಡಿ. ಅಂಗಡಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಜಿಮೇಲ್ ತೆರೆಯುವುದು ಇದಕ್ಕಿಂತ ಅಪಾಯ.

ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಆನ್ ಮಾಡಿ. ಆಗ "ಅಂಕಪಟ್ಟಿ.ಪಿಡಿಎಫ್.ಇಎಕ್ಸ್‌ಇ" ಅನ್ನುವ ಕಳ್ಳ ಹೆಸರು ಪೂರ್ತಿ ಕಾಣುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ವೈರಸ್ ತೆಗೆಯುವ ಉಚಿತ ಸಾಧನಗಳಿವೆ. ಡಿಫೆಂಡರ್ ತಾನೇ ತೆರೆಯದ ಸ್ಥಿತಿಯಲ್ಲಿ ಅವು ಉಪಯೋಗಕ್ಕೆ ಬರುತ್ತವೆ.

ಕ್ಲೀನರ್, ಬೂಸ್ಟರ್ ಅನ್ನುವ ಸಾಫ್ಟ್‌ವೇರ್‌ಗಳನ್ನು ನಾನು ಹಾಕುವುದಿಲ್ಲ, ಹಾಕಿಸುವುದೂ ಇಲ್ಲ. ಬೇಡದ ಫೈಲ್ ಅಳಿಸಲು ವಿಂಡೋಸ್‌ನಲ್ಲೇ ಇರುವ ಸ್ಟೋರೇಜ್ ಸೆಟಿಂಗ್ ಸಾಕು. ತುಂಬಾ ಹೆಸರಾದ ಸಿಕ್ಲೀನರ್‌ನ ಅಧಿಕೃತ ಆವೃತ್ತಿಯೊಳಗೇ 2017ರಲ್ಲಿ ಕಳ್ಳ ಕೋಡ್ ಸೇರಿಕೊಂಡು ಹೊರಬಂದಿತ್ತು. ಅಗತ್ಯ ಇಲ್ಲದ ಸಾಫ್ಟ್‌ವೇರ್ ಒಂದೊಂದೂ ಒಂದೊಂದು ಬಾಗಿಲು.

ಹಂತ 5: ವಿಂಡೋಸೋ, ಮಿಂಟೋ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ಖಾತೆಗೆ ಸೆಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಅದು ಸಮಯ ಕೊಳ್ಳುವ ಏರ್ಪಾಡು ಅಷ್ಟೇ.

ಅಪ್‌ಡೇಟ್ ಯಾಕೆ ಬೇಕು ಅಂತ ಕೇಳುವವರಿಗೆ 2017ರ ವಾನಾಕ್ರೈ ನೆನಪಿಸುತ್ತೇನೆ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅದು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ದಾಳಿ ಆದದ್ದು ಮೇ 12ಕ್ಕೆ. ಎರಡು ತಿಂಗಳು ಅಪ್‌ಡೇಟ್ ಹಾಕದೆ ಬಿಟ್ಟವರ ಕಂಪ್ಯೂಟರ್‌ಗಳಿಗೆ ಬೀಗ ಬಿತ್ತು.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನದಾಗಿರಬೇಕು. ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಅನ್ನುವ ಉಚಿತ ಆಪ್ ಓಡಿಸಿದರೆ ಆಗುತ್ತೋ ಇಲ್ಲವೋ ಹೇಳುತ್ತದೆ. ಆಗುವುದಿಲ್ಲ ಅಂದರೆ ಬಲವಂತವಾಗಿ ಹಾಕುವ ದಾರಿಗಳಿವೆ. ಮನೆಮಂದಿ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ಗೆ ಅದು ಬೇಡ, ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತರಿ ಇಲ್ಲ.

ನನ್ನ ಲೆಕ್ಕ ಸರಳ. ಟ್ಯಾಲಿ ಬೇಕೇ ಬೇಕು, ಡಿಜಿಟಲ್ ಸಿಗ್ನೇಚರ್ ಟೋಕನ್ ದಿನವೂ ಬಳಸುತ್ತೀರಿ ಅಂದರೆ ವಿಂಡೋಸ್‌ನಲ್ಲೇ ಇರಿ, ಕಂಪ್ಯೂಟರ್ ಹಳೆಯದಾದರೆ ಬದಲಿಸುವ ಯೋಚನೆ ಮಾಡಿ. ಮನೆಯಲ್ಲಿ ಆಗುವುದು ಬ್ರೌಸರ್, ಯೂಟ್ಯೂಬ್, ಮಕ್ಕಳ ಓದು, ಪತ್ರ ಟೈಪ್ ಮಾಡುವುದು, ಫೋಟೋ ನೋಡುವುದು ಇಷ್ಟೇ ಆದರೆ ಮಿಂಟ್. 2 ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ, 4 ಜಿಬಿ ಇದ್ದರೆ ಆರಾಮ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿದರೆ ಹತ್ತು ವರ್ಷದ ಕಂಪ್ಯೂಟರೂ ಚುರುಕಾಗುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಆಂಟಿವೈರಸ್‌ಗಲ್ಲ, ಇದಕ್ಕೆ ಮಾಡಿ.

ಹಂತ 6: ಇನ್‌ಸ್ಟಾಲ್

ಮಿಂಟ್ ಹಾಕುವವರು ಲೈವ್‌ನಲ್ಲೇ ಒಂದು ಗಂಟೆ ಬಳಸಿ ನೋಡಿ. ವೈಫೈ ಬರುತ್ತಿದೆಯೇ, ಸೌಂಡ್ ಇದೆಯೇ, ಪ್ರಿಂಟರ್ ಸಿಗುತ್ತಿದೆಯೇ. ಇಲ್ಲಿ ಆಗದ್ದು ಇನ್‌ಸ್ಟಾಲ್ ಆದ ಮೇಲೆ ತಾನಾಗೇ ಸರಿಹೋಗುವುದು ಅಪರೂಪ.

ಎಲ್ಲ ಸರಿಯಿದ್ದರೆ ಇನ್‌ಸ್ಟಾಲ್ ಐಕಾನ್ ಒತ್ತಿ. "ಡಿಸ್ಕ್ ಅಳಿಸಿ ಮಿಂಟ್ ಹಾಕು" ಅನ್ನುವ ಆಯ್ಕೆ ಬಂದಾಗ ನಿಲ್ಲಿ. ಎದ್ದು ಹೋಗಿ ಬೀರುವಿನಲ್ಲಿರುವ ಹಾರ್ಡ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚಿ, ಫೋಟೋಗಳು ಅಲ್ಲಿವೆ ಅಂತ ಕಣ್ಣಾರೆ ನೋಡಿ ಬನ್ನಿ. ಆಮೇಲೆ ಒತ್ತಿ. ವಿಂಡೋಸ್ ಮತ್ತು ಮಿಂಟ್ ಎರಡೂ ಒಟ್ಟಿಗೆ ಇಡುವ ಆಸೆ ಬಹಳ ಜನಕ್ಕೆ ಇರುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಬೇಡ ಅನ್ನುತ್ತೇನೆ. ಜಾಸ್ತಿ ಕೆಡುವುದು ಅಲ್ಲೇ.

ಹೊಸ ಮಿಂಟ್‌ನಲ್ಲಿ ಮೊದಲ ಮೂರು ಕೆಲಸ: ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಫೈರ್‌ವಾಲ್ ಆನ್ ಮಾಡಿ, ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಮ್ ಫೈಲ್‌ಗಳನ್ನು. ನಿಮ್ಮ ಫೋಟೋಗಳ ಬ್ಯಾಕಪ್ ಅದಲ್ಲ.

ಕನ್ನಡಕ್ಕೆ ಕೀಬೋರ್ಡ್ ಸೆಟಿಂಗ್ಸ್‌ನ ಭಾರತೀಯ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಟೈಪ್ ಮಾಡಿದ ಕೈಗೆ ಅದು ಹೊಸದೆನಿಸುವುದಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ "ಗುಬ್ಬಿ" ಅನ್ನುವ ಮುಕ್ತ ಫಾಂಟ್ ಇದೆ. ಹೆಸರು ಕಂಡಾಗಲೆಲ್ಲ ನನಗೆ ನಮ್ಮ ಗುಬ್ಬಿ ಊರೇ ನೆನಪಾಗುತ್ತದೆ. ಹಳೇ ನುಡಿ ಕಡತಗಳು ಯುನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ) ಇರುವುದಿಲ್ಲ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಹೆದರಬೇಡಿ. ಯುನಿಕೋಡ್‌ಗೆ ಪರಿವರ್ತಿಸಿಕೊಂಡರೆ ಸರಿಹೋಗುತ್ತದೆ. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ ನೋಡಿ.

ಹಂತ 7: ಸಾಫ್ಟ್‌ವೇರ್ ಹಾಕುವುದು

ಮಿಂಟ್‌ನಲ್ಲಿ ಎಲ್ಲವೂ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದಲೇ. ತೊಂದರೆ ಇರುವುದು ವಿಂಡೋಸ್‌ನವರಿಗೆ. ವಿಡಿಯೋ ನೋಡಲು ವಿಎಲ್‌ಸಿ ಬೇಕು ಅಂತ ಹುಡುಕುತ್ತೀರಿ. ಮೊದಲ ಸಾಲಿನಲ್ಲಿ ಬರುವುದು ಜಾಹೀರಾತು. ಒತ್ತಿದರೆ ಒಂದು ಪುಟ, ಅದರಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಬಟನ್. ಒಂದೂ ವಿಎಲ್‌ಸಿಯದ್ದಲ್ಲ. ನಿಜವಾದದ್ದು ಇರುವುದು ವಿಡಿಯೋಲ್ಯಾನ್ ಡಾಟ್ ಆರ್ಗ್‌ನಲ್ಲಿ. ಹಾಗೇ 7-ಜಿಪ್‌ನದ್ದು 7-ಜಿಪ್ ಡಾಟ್ ಆರ್ಗ್, ನಡುವೆ ಅಡ್ಡಗೆರೆ ಇರಬೇಕು, ಕೊನೆಯಲ್ಲಿ ಆರ್ಗ್ ಇರಬೇಕು. ವಿಳಾಸವನ್ನು ಕೈಯಿಂದ ಟೈಪ್ ಮಾಡಿ, ಸರಿಯಾದದ್ದು ತೆರೆದ ಮೇಲೆ ಬುಕ್‌ಮಾರ್ಕ್ ಮಾಡಿ.

ಮನೆಗೆ ನಾನು ಹಾಕುವುದು ಇಷ್ಟೇ: ಫೈರ್‌ಫಾಕ್ಸ್ ಬ್ರೌಸರ್, ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್, ವರ್ಡ್-ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್, ವಿಎಲ್‌ಸಿ, 7-ಜಿಪ್, ಪಾಸ್‌ವರ್ಡ್ ಇಡಲು ಕೀಪಾಸ್‌ಎಕ್ಸ್‌ಸಿ, ಬ್ಯಾಕಪ್‌ಗೆ ಫ್ರೀಫೈಲ್‌ಸಿಂಕ್. ಯುಬ್ಲಾಕ್ ಒರಿಜಿನ್ ಹಾಕುವಾಗ "ಒರಿಜಿನ್" ಅನ್ನುವ ಪದ ಮತ್ತು ರೇಮಂಡ್ ಹಿಲ್ ಅನ್ನುವ ಹೆಸರು ನೋಡಿ. ಬರೀ ಯುಬ್ಲಾಕ್ ಅನ್ನುವುದು ಬೇರೆಯವರದ್ದು. ಆ ನಾಲ್ಕು ಹಸಿರು ಬಟನ್‌ಗಳಲ್ಲಿ ಹೆಚ್ಚಿನವು ಈ ಒಂದು ಜೋಡಣೆಯಿಂದಲೇ ಮಾಯವಾಗುತ್ತವೆ.

ಉಚಿತ ಅಂದದ್ದೆಲ್ಲ ಮುಕ್ತ ಅಲ್ಲ. ಮುಕ್ತ ತಂತ್ರಾಂಶದ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಎರಡರಲ್ಲಿ ಒಂದು ಆರಿಸಬೇಕಾದಾಗ ನಾನು ಮುಕ್ತವಾದದ್ದನ್ನು ಆರಿಸುತ್ತೇನೆ.

ಮಕ್ಕಳಿಗೆ, ಹಿರಿಯರಿಗೆ ವಿಂಡೋಸ್‌ನಲ್ಲಿ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ. ಅಡ್ಮಿನ್ ಪಾಸ್‌ವರ್ಡ್ ನಿಮ್ಮಲ್ಲಿರಲಿ. ಗೇಮ್ ಅಂತ ಏನನ್ನೋ ಇನ್‌ಸ್ಟಾಲ್ ಮಾಡಹೊರಟರೂ ಬಹಳ ಸಲ ಪಾಸ್‌ವರ್ಡ್ ಕೇಳುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಂತ 8: ಪಾಸ್‌ವರ್ಡ್

ವೈರಸ್ ಇದ್ದ ಕಂಪ್ಯೂಟರ್‌ನಲ್ಲಿ ಬಳಸಿದ ಪಾಸ್‌ವರ್ಡ್‌ಗಳೆಲ್ಲ ಕಳುವಾಗಿವೆ ಅಂತಲೇ ತಿಳಿಯಿರಿ. ಬದಲಿಸುವುದು ಈಗ, ಸ್ವಚ್ಛವಾದ ಮೇಲೆ. ಕಾಯಿಲೆ ಇರುವಾಗಲೇ ಬದಲಿಸಿದವರು ಹೊಸ ಪಾಸ್‌ವರ್ಡನ್ನೂ ಕಳ್ಳನ ಕೈಗೆ ಕೊಟ್ಟಂತೆ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಬೇರೆ ಎಲ್ಲ ಖಾತೆಗಳ ಬೀಗದ ಕೈ ಇಮೇಲ್‌ನಲ್ಲಿರುತ್ತದೆ.

ಕೀಪಾಸ್‌ಎಕ್ಸ್‌ಸಿ ಎಲ್ಲ ಪಾಸ್‌ವರ್ಡನ್ನೂ ಒಂದು ಬೀಗ ಹಾಕಿದ ಫೈಲ್‌ನಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲೇ ಇಡುತ್ತದೆ. ಫೋನ್‌ನಲ್ಲೂ ಬೇಕು ಅನ್ನುವವರಿಗೆ ಬಿಟ್‌ವಾರ್ಡನ್ ಸುಲಭ. ಎರಡಕ್ಕೂ ಒಂದು ಮುಖ್ಯ ಪಾಸ್‌ವರ್ಡ್ ನೆನಪಿರಬೇಕು. ಒಂದಕ್ಕೊಂದು ಸಂಬಂಧ ಇಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಒರಳು, ಬಸ್ಸು, ಸೀಬೆಕಾಯಿ, ಗುಡುಗು, ಇಸ್ತ್ರಿ, ಈ ಥರ. ಇದೇ ಐದು ಬೇಡ, ನಿಮ್ಮದೇ ಆರಿಸಿ. ಗಾದೆಯೂ ಬೇಡ, ಹಾಡಿನ ಸಾಲೂ ಬೇಡ.

ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ. ಅದು ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು, ಮನೆ ಪತ್ರ ಇಡುವ ಜಾಗದಲ್ಲೇ ಇಡಿ.

ಹಂತ 9: ರೂಟರ್

ರೂಟರ್‌ನ ರೀಸೆಟ್ ಬಟನ್ ಒತ್ತಬೇಡಿ. ಒತ್ತಿದರೆ ಇಂಟರ್ನೆಟ್ ಕೊಟ್ಟವರು ಹಾಕಿದ ಯೂಸರ್ ನೇಮ್, ಪಾಸ್‌ವರ್ಡ್ ಅಳಿಸಿಹೋಗಬಹುದು, ಆಮೇಲೆ ಅವರು ಬರುವವರೆಗೆ ನೆಟ್ ಇಲ್ಲ. ರೂಟರ್ ಹಿಂಬದಿಯ ಚೀಟಿ ನೋಡಿ ಸೆಟಿಂಗ್ಸ್ ಪುಟ ತೆರೆಯಿರಿ. ಪ್ರತಿ ಪುಟದ ಫೋಟೋ ತೆಗೆದುಕೊಂಡು ಆಮೇಲೆ ಬದಲಿಸಿ. ಅಡ್ಮಿನ್ ಪಾಸ್‌ವರ್ಡ್ ಹೊಸದು, ವೈಫೈ ಭದ್ರತೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3, ಪಾಸ್‌ವರ್ಡ್ ಟೈಪ್ ಮಾಡದೆ ಜೋಡಿಸುವ ಡಬ್ಲ್ಯುಪಿಎಸ್ ಆಫ್, ಹೊರಗಿನಿಂದ ರೂಟರ್ ಸೆಟಿಂಗ್ಸ್ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್. ಮನೆ ಮಾಲೀಕರ ಫೋನ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿಟ್ಟಿರುವುದು ಸಾಮಾನ್ಯ, ಅದನ್ನೂ ಬದಲಿಸಿ. ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 9.9.9.9 ಹಾಕಿದರೆ ಗೊತ್ತಿರುವ ಕಳ್ಳ ತಾಣಗಳು ತೆರೆಯುವುದಿಲ್ಲ. ಇದು ಕ್ವಾಡ್9 ಅನ್ನುವ ಲಾಭರಹಿತ ಸಂಸ್ಥೆಯ ಉಚಿತ ಸೇವೆ.

ಹಂತ 10: ಬ್ಯಾಕಪ್ ಅಭ್ಯಾಸ

ಹಂತ 3ರಲ್ಲಿ ತಂದ ಫೈಲ್‌ಗಳನ್ನು, ವಿಂಡೋಸ್ ಆದರೆ ಮೊದಲು ಡಿಫೆಂಡರ್‌ನಲ್ಲಿ ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಹಾರ್ಡ್ ಡಿಸ್ಕ್‌ನಿಂದ ಅಳಿಸಬೇಡಿ. ಇನ್ನು ಮೇಲೆ ಅದೇ ನಿಮ್ಮ ಬ್ಯಾಕಪ್. ಮೂರನೇ ನಕಲು ಮನೆಯ ಹೊರಗೆ ಇರಲಿ. ತಮ್ಮನ ಮನೆಯಲ್ಲಿ ಇನ್ನೊಂದು ಡಿಸ್ಕ್ ಆದರೂ ಸರಿ, ಪಾಸ್‌ವರ್ಡ್ ಬೀಗ ಹಾಕಿ ಗೂಗಲ್ ಡ್ರೈವ್‌ಗೆ ಹಾಕಿದರೂ ಸರಿ.

ಫ್ರೀಫೈಲ್‌ಸಿಂಕ್‌ನಲ್ಲಿ ಎಡಗಡೆ ನಿಮ್ಮ ಫೋಲ್ಡರ್, ಬಲಗಡೆ ಹಾರ್ಡ್ ಡಿಸ್ಕ್ ಆರಿಸಿ. ವಿಧಾನ ಕೇಳಿದಾಗ "ಅಪ್‌ಡೇಟ್" ಆರಿಸಿ. "ಮಿರರ್" ಆರಿಸಿದರೆ ಎಡಗಡೆ ಅಳಿಸಿದ್ದು ಬಲಗಡೆಯೂ ಅಳಿಸಿಹೋಗುತ್ತದೆ. ತಪ್ಪಿ ಒಂದು ಫೋಲ್ಡರ್ ಅಳಿಸಿದ ದಿನವೇ ಮಿರರ್ ಓಡಿಸಿದವರನ್ನು ನೋಡಿದ್ದೇನೆ. ಕೆಲಸ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡಿ. ಸದಾ ಚುಚ್ಚಿಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಅಮಾವಾಸ್ಯೆ ದಿನ ಗಾಡಿ ತೊಳೆದು ಪೂಜೆ ಮಾಡುತ್ತೇವೆ, ಬ್ಯಾಕಪ್ಪೂ ಅವತ್ತೇ.

ಬ್ಯಾಕಪ್ ಇಲ್ಲದೆ ಫೈಲ್ ಅಳಿಸಿಹೋಗಿದ್ದರೆ ಆ ಡಿಸ್ಕ್‌ಗೆ ಏನನ್ನೂ ಬರೆಯಬೇಡಿ, ಕಂಪ್ಯೂಟರ್ ಆಫ್ ಮಾಡಿ. ಲೈವ್‌ನಿಂದ ಬೂಟ್ ಮಾಡಿ ಫೋಟೊರೆಕ್ ಅನ್ನುವ ಉಚಿತ ಸಾಧನ ಓಡಿಸಿ. ಅದಕ್ಕೆ ಹೆಸರುಗಳು ಸಿಗುವುದಿಲ್ಲ, ಫೋಟೋ ಸಿಗುತ್ತದೆ. ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೆ ಉಳಿಸಿ. ಎಸ್‌ಎಸ್‌ಡಿ ಆದರೆ ಸಿಗುವ ಸಾಧ್ಯತೆ ಕಡಿಮೆ.

ದುಡ್ಡು ಹೋದರೆ, ಅಥವಾ ಹೋಗುವಂತಿದ್ದರೆ

ಬ್ರೌಸರ್ ತುಂಬಾ ಕೆಂಪು ಪರದೆ, ಜೋರು ಸೈರನ್, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರ್‌ಗೆ ಫೋನ್ ಮಾಡಿ" ಅಂತ ಬಂದರೆ ಫೋನ್ ಮಾಡಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಅಲ್ಲಿ ಬ್ರೌಸರ್ ಆರಿಸಿ "ಎಂಡ್ ಟಾಸ್ಕ್" ಒತ್ತಿ ಮುಚ್ಚಿ. ಅದು ಬರೀ ಒಂದು ವೆಬ್ ಪುಟ. ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ಹಾಕಿಕೊಳ್ಳಿ ಅಂತ ಅಪರಿಚಿತರು ಹೇಳಿದರೆ ಅಲ್ಲಿಗೇ ಫೋನ್ ಇಡಿ.

ಆಗಲೇ ಅವರಿಗೆ ಕಂಪ್ಯೂಟರ್ ಕೊಟ್ಟುಬಿಟ್ಟಿದ್ದರೆ ಮೊದಲು ರೂಟರ್ ಆಫ್ ಮಾಡಿ. ಬ್ಯಾಂಕಿಗೆ ಫೋನ್ ಮಾಡಿ ಖಾತೆ, ಕಾರ್ಡ್, ಯುಪಿಐ ತಡೆಸಿ. ಅದಾದ ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ಹಣ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ಮಾಡಿದಷ್ಟೂ ದುಡ್ಡು ದಾರಿಯಲ್ಲೇ ನಿಲ್ಲುವ ಸಾಧ್ಯತೆ ಜಾಸ್ತಿ. ಮನೆಯವರಿಗೆ ಹೇಳಲು ನಾಚಿಕೊಂಡು ಸಂಜೆವರೆಗೆ ಸುಮ್ಮನಿರಬೇಡಿ. ವ್ಯವಹಾರದ ಸಂಖ್ಯೆ, ಎಸ್‌ಎಂಎಸ್, ಅವರು ಕರೆ ಮಾಡಿದ ನಂಬರ್, ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಪಾಸ್‌ವರ್ಡ್‌ಗಳನ್ನು ಬೇರೆಯವರ ಸ್ವಚ್ಛ ಫೋನ್‌ನಿಂದ ಬದಲಿಸಿ. ಕಂಪ್ಯೂಟರನ್ನು ಹಾಗೇ ಆಫ್ ಮಾಡಿಟ್ಟು, ಎಲ್ಲ ತಣ್ಣಗಾದ ಮೇಲೆ ಹಂತ 2ರಿಂದ ಶುರು ಮಾಡಿ.